ಯಾವ ತಾಯತ ಎಲ್ಲಿರಬೇಕು

1916ರಲ್ಲಿ ದಕ್ಷಿಣ ಈಜಿಪ್ಟಿನ ಎಡ್ಫು ಹತ್ತಿರ, ನಾಗ್ ಎಲ್-ಹಸ್ಸಾಯ ಅನ್ನೋ ಸ್ಮಶಾನದಲ್ಲಿ ಒಬ್ಬ ಹುಡುಗನ ಮಮ್ಮಿ ಸಿಕ್ಕಿತು. ಅದು ಕೈರೋ ಮ್ಯೂಸಿಯಂಗೆ ಬಂತು, ನೆಲಮಾಳಿಗೆ ಸೇರಿತು, ಸುಮಾರು ನೂರು ವರ್ಷ ಅಲ್ಲೇ ಉಳಿಯಿತು. ಸುತ್ತಿದ ಬಟ್ಟೆಯನ್ನ ಯಾರೂ ಬಿಚ್ಚಲಿಲ್ಲ. ಬಿಚ್ಚದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗ ಗೊತ್ತಾಗುತ್ತಿದೆ. ಕೈರೋ ವಿಶ್ವವಿದ್ಯಾಲಯದ ರೇಡಿಯಾಲಜಿ ಪ್ರೊಫೆಸರ್ ಸಹರ್ ಸಲೀಮ್ ಮತ್ತು ಅವರ ಜೊತೆಯವರು ಆ ಮಮ್ಮಿಯನ್ನ ಸಿಟಿ ಸ್ಕ್ಯಾನ್ ಮಾಡಿ, 2023ರ ಜನವರಿಯಲ್ಲಿ ವರದಿ ಪ್ರಕಟಿಸಿದರು. ಒಳಗೆ 49 ತಾಯತಗಳಿದ್ದವು. ಅವುಗಳಲ್ಲಿ 21 ಬಗೆ. ಹೆಚ್ಚಿನವು ಚಿನ್ನದವು.

ಹುಡುಗನಿಗೆ 14-15 ವರ್ಷ ಇದ್ದಿರಬೇಕು, ಎತ್ತರ 128 ಸೆಂಟಿಮೀಟರ್. ಟಾಲೆಮಿ ರಾಜರ ಕಾಲದವನು, ಅಂದ್ರೆ ಎರಡು ಸಾವಿರ ವರ್ಷಕ್ಕೂ ಹಿಂದಿನವನು. ಹೆಸರು ಗೊತ್ತಿಲ್ಲದ ಅವನನ್ನ ಈಗ ಎಲ್ಲರೂ ಚಿನ್ನದ ಹುಡುಗ ಅಂತ ಕರೆಯುತ್ತಾರೆ. ನನಗೆ ಆ ಚಿನ್ನಕ್ಕಿಂತ ಜಾಸ್ತಿ ಹಿಡಿಸಿದ್ದು ಅದನ್ನ ಇಟ್ಟ ರೀತಿ. ಬಾಯೊಳಗೆ ಚಿನ್ನದ ನಾಲಿಗೆ, ಪರಲೋಕದಲ್ಲಿ ಮಾತಾಡೋಕೆ. ಎದೆಗೂಡಿನ ಒಳಗೆ ಚಿನ್ನದ ಸಗಣಿ ಹುಳ, ಹೃದಯಕ್ಕಾಗಿ. ಶಿಶ್ನದ ಪಕ್ಕದಲ್ಲಿ ಜೋಡಿಸಿಟ್ಟ ಎರಡು ಬೆರಳಿನ ಆಕಾರದ ತಾಯತ. ಉಳಿದವು ಬಟ್ಟೆಯ ಮಡಿಕೆಗಳ ನಡುವೆ, ದೇಹದ ಉದ್ದಕ್ಕೂ ಮೂರು ಸಾಲಾಗಿ. ಯಾವುದನ್ನೂ ಸುಮ್ನೆ ಎಸೆದು ಸುತ್ತಿಲ್ಲ. ಒಬ್ಬರು ನಿಂತು, ಇದು ಇಲ್ಲಿಗೆ, ಅದು ಅಲ್ಲಿಗೆ ಅಂತ ಇಟ್ಟಿದ್ದಾರೆ.

ಈಜಿಪ್ಟಿನ ಸಾವಿನ ತಾಯತಗಳ ಬಗ್ಗೆ ಓದುತ್ತಾ ಹೋದಷ್ಟೂ ನನ್ನ ಮನಸ್ಸಿನಲ್ಲಿ ಗಟ್ಟಿಯಾಗುತ್ತಾ ಬಂದದ್ದು ಇದೇ. ಆ ವಸ್ತುವಿನ ಅರ್ಧ ಅರ್ಥ ಅದರ ಜಾಗದಲ್ಲಿದೆ. ಕೊರಳಿನದು ಕೊರಳಲ್ಲಿ, ಗಾಯದ್ದು ಗಾಯದ ಮೇಲೆ ಇದ್ದಾಗ ಮಾತ್ರ ಅದು ತಾಯತ. ಅಲ್ಲಿಂದ ಎತ್ತಿ ಬೇರೆ ಇಟ್ಟರೆ ಚಂದದ ಒಂದು ಕಲ್ಲು, ಅಷ್ಟೆ.

ಅಲ್ಲಿನ ಜನ ಬದುಕಿರುವಾಗಲೂ ತಾಯತ ಕಟ್ಟಿಕೊಳ್ಳುತ್ತಿದ್ದರು. ಹೆರಿಗೆಗೆ ತವೆರೆತ್ ಅನ್ನೋ ನೀರುಕುದುರೆ ದೇವತೆ, ಮಲಗಿದ ಮಗುವಿನ ಕಾವಲಿಗೆ ಬೆಸ್ ಅನ್ನೋ ಕುಳ್ಳ ದೇವರು, ಹೀಗೆ. ಅವುಗಳಲ್ಲಿ ಕೆಲವು ಸತ್ತವರ ಜೊತೆಗೂ ಹೋಗುತ್ತಿದ್ದವು. ಆದರೆ ಹೆಣಕ್ಕೆ ಅಂತಲೇ ಮಾಡಿಸಿದ ತಾಯತಗಳದ್ದು ಬೇರೆಯೇ ಲೋಕ. ಅವನ್ನ ಬದುಕಿದ್ದವರು ಯಾರೂ ಒಂದು ದಿನವೂ ತೊಟ್ಟಿಲ್ಲ. ಕುಶಲಕರ್ಮಿಯ ಕೈಯಿಂದ ನೇರವಾಗಿ ಹೆಣ ಸುತ್ತುವವರ ಕೈಗೆ ಹೋಗಿ, ಅಲ್ಲಿಂದ ಬಟ್ಟೆಯ ಒಳಗೆ ಹೋಗಿ, ಮತ್ತೆ ಯಾರ ಕಣ್ಣಿಗೂ ಬೀಳಬಾರದು ಅಂತಲೇ ಮಾಡಿದ ವಸ್ತುಗಳು ಅವು.

ಸತ್ತ ದಿನದಿಂದ ಹೂಳುವ ತನಕ ಸಾಮಾನ್ಯವಾಗಿ 70 ದಿನ. ಎಡ ಪಕ್ಕೆಯಲ್ಲಿ ಒಂದು ಸೀಳು ಹಾಕಿ ಯಕೃತ್ತು, ಶ್ವಾಸಕೋಶ, ಹೊಟ್ಟೆ, ಕರುಳು ಹೊರಗೆ ತೆಗೆಯುತ್ತಿದ್ದರು. ಮೆದುಳನ್ನ ಮೂಗಿನ ದಾರಿಯಿಂದ ತೆಗೆದು ಬಿಸಾಡುತ್ತಿದ್ದರು, ಅದರಿಂದ ಏನೂ ಉಪಯೋಗ ಇಲ್ಲ ಅಂತ. ಹೃದಯವನ್ನ ಮಾತ್ರ ಇದ್ದ ಜಾಗದಲ್ಲೇ ಬಿಡುತ್ತಿದ್ದರು. ಆಮೇಲೆ ನೇಟ್ರಾನ್ ಅನ್ನೋ ಉಪ್ಪಿನಲ್ಲಿ ಹುದುಗಿಸಿ ನೀರಿನ ಪಸೆ ಹೋಗುವ ತನಕ ಒಣಗಿಸುವುದು. ಕೊನೆಗೆ ಸುತ್ತುವ ಕೆಲಸ. ನಾರುಬಟ್ಟೆಯ ಪಟ್ಟಿಗಳು, ಪದರದ ಮೇಲೆ ಪದರ, ನಡುನಡುವೆ ರಾಳ. ಈ ಸುತ್ತುಗಳು ಏರುತ್ತಿದ್ದ ಹಾಗೆ, ಪಕ್ಕದಲ್ಲಿ ಪುರೋಹಿತ ಮಂತ್ರ ಓದುತ್ತಿದ್ದ ಹಾಗೆ, ಒಂದೊಂದು ತಾಯತ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಬ್ಬರು ಹಿರಿಯರು ಇರುತ್ತಾರಲ್ಲ, ತಲೆ ಯಾವ ದಿಕ್ಕಿಗೆ, ದೀಪ ಎಲ್ಲಿ, ಬಾಯಿಗೆ ಏನು ಹಾಕಬೇಕು ಅಂತ ಅಳುವವರ ನಡುವೆಯೂ ನಿಧಾನವಾಗಿ ಹೇಳಿಕೊಡುವವರು, ಅಂಥ ತಿಳಿವಳಿಕೆಯೇ ಅಲ್ಲಿ ಬರವಣಿಗೆಗೆ ಇಳಿದಿತ್ತು.

ಅದು ಇಳಿದದ್ದು ನಾವು ಇವತ್ತು ಸತ್ತವರ ಪುಸ್ತಕ ಅಂತ ಕರೆಯುವ ಮಂತ್ರಗಳ ಸಂಗ್ರಹದಲ್ಲಿ. ಅದರಲ್ಲಿ ತಾಯತಗಳಿಗೆ ಅಂತಲೇ ಕೆಲವು ಮಂತ್ರಗಳಿವೆ. ಒಂದೊಂದರ ಕೆಳಗೂ ಯಾವ ವಸ್ತುವಿನಲ್ಲಿ ಮಾಡಬೇಕು, ಯಾವ ದಿನ, ದೇಹದ ಎಲ್ಲಿ ಇಡಬೇಕು ಅನ್ನೋ ಸೂಚನೆ. 155ನೇ ಮಂತ್ರ ಜೆಡ್ ಕಂಬಕ್ಕೆ. ಅಡ್ಡಪಟ್ಟಿಗಳಿರುವ ಈ ಪುಟ್ಟ ಕಂಬ ಸತ್ತವರ ಲೋಕದ ಒಡೆಯ ಒಸೈರಿಸ್ ದೇವರ ಬೆನ್ನೆಲುಬು. ಚಿನ್ನದಲ್ಲಿ ಮಾಡಿ, ಹೂಳುವ ದಿನ ಸತ್ತವರ ಕೊರಳಿಗೆ ಕಟ್ಟಬೇಕು. ಎದ್ದು ಕೂರೋಕೆ ಬೆನ್ನು ಬೇಕಲ್ವಾ, ಅದಕ್ಕೆ. 156ನೇ ಮಂತ್ರ ಐಸಿಸ್ ದೇವಿಯ ಗಂಟಿಗೆ. ಇದಕ್ಕೆ ಕೆಂಪು ಜಾಸ್ಪರ್ ಕಲ್ಲು. ಮಂತ್ರ ಶುರುವಾಗುವುದೇ ನಿನ್ನ ರಕ್ತ ನಿನಗಿದೆ ಐಸಿಸ್ ಅಂತ. ಹಾಗಾಗಿ ಕಲ್ಲಿನ ಕೆಂಪು ಬರೀ ಅಲಂಕಾರಕ್ಕಲ್ಲ, ಅದು ರಕ್ತ. ಪಪೈರಸ್ ಗಿಡದ ಕಾಂಡದ ತಾಯತಕ್ಕೆ ಹಸಿರು ಫೆಲ್ಡ್‌ಸ್ಪಾರ್ ಕಲ್ಲು, ಚಿಗುರಿನ ಬಣ್ಣ. ಒಣಗಿದ ಮೈ ಮತ್ತೆ ಹಸಿಯಾಗಲಿ ಅಂತ.

ಈ ವಿವರಗಳನ್ನ ಓದುವಾಗ ನನಗೆ ಕಾಣಿಸುವುದು ಆ ಜನರ ಭಯ ಎಷ್ಟು ನಿಖರವಾಗಿತ್ತು ಅನ್ನೋದು. ಸಾವು ಅಂದ್ರೆ ಒಂದು ದೊಡ್ಡ ಕತ್ತಲೆ ಅಂತ ಅವರು ಸುಮ್ಮನಾಗಲಿಲ್ಲ. ತಲೆ ಬೇರೆಯಾದರೆ? ಮಾತು ನಿಂತುಹೋದರೆ? ಹಾವು ಕಚ್ಚಿದರೆ? ಪಕ್ಕೆಯ ಸೀಳಿನಿಂದ ಕೆಟ್ಟದ್ದೇನಾದರೂ ಒಳಗೆ ನುಗ್ಗಿದರೆ? ಇಂಥ ಒಂದೊಂದು ಪ್ರಶ್ನೆಗೂ ಒಂದೊಂದು ವಸ್ತು. ಹಾವಿಗೆ ಕೊರಳ ಹತ್ತಿರ ಹಾವಿನ ತಲೆಯ ತಾಯತ. ಸೀಳಿನ ಮೇಲೆ ಹೋರಸ್ ದೇವರ ಕಣ್ಣನ್ನ ಕೊರೆದ ತಗಡು. ಅವನ ಶತ್ರು ಸೇತ್ ಕಿತ್ತುಹಾಕಿದ್ದ ಆ ಕಣ್ಣನ್ನ ಥಾತ್ ದೇವರು ಮತ್ತೆ ವಾಸಿ ಮಾಡಿದ ಅನ್ನೋ ಕತೆ ಅದರ ಹಿಂದಿದೆ, ಗಾಯ ಮಾಯುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಯಾವುದಿದೆ ಹೇಳಿ. ಕೊನೆಕೊನೆಯ ಶತಮಾನಗಳಲ್ಲಿ ಅದೇ ಸೀಳಿನ ಹತ್ತಿರ ಕಪ್ಪು ಕಲ್ಲಿನ ಎರಡು ಬೆರಳು ಇಡತೊಡಗಿದರು, ತೋರುಬೆರಳು ಮತ್ತು ನಡುಬೆರಳು. ಹೆಣಕ್ಕೆ ಸಂಸ್ಕಾರ ಮಾಡಿದವರ ಬೆರಳುಗಳೇ ಅವು ಅಂತ ವಿದ್ವಾಂಸರು ಊಹಿಸುತ್ತಾರೆ. ಇನ್ನೂ ಹಿಂದೆ, ಹಳೆಯ ರಾಜ್ಯ ಅಂತ ಕರೆಯುವ ಪಿರಮಿಡ್‌ಗಳ ಕಾಲದ ಕೊನೆಯ ಹೊತ್ತಿಗೆ, ಕೈ, ಕಾಲು, ಮುಖದ ಆಕಾರದ ಪುಟ್ಟ ತಾಯತಗಳಿದ್ದವು. ಅಸಲಿ ಅಂಗ ಹಾಳಾದರೆ ಅದರ ಬದಲಿಗೆ ಇದು.

ಚಿನ್ನ, ಲಾಪಿಸ್ ಲಾಜುಲಿ ಅನ್ನೋ ನೀಲಿ ಕಲ್ಲು ಎಲ್ಲರ ಕೈಗೆ ಎಟುಕುವ ಮಾತಲ್ಲ. ಲಾಪಿಸ್ ಬರುತ್ತಿದ್ದದ್ದು ಈಗಿನ ಅಫ್ಘಾನಿಸ್ತಾನದ ಬದಕ್‌ಶಾನ್‌ನಿಂದ, ಟರ್ಕಾಯ್ಸ್ ಸಿನಾಯ್ ಬೆಟ್ಟಗಳ ಗಣಿಯಿಂದ. ಉಳಿದವರಿಗೆ ಫೈಯಾನ್ಸ್ ಇತ್ತು. ನನಗೆ ಈ ಫೈಯಾನ್ಸ್ ಮೇಲೆ ತುಂಬಾ ಪ್ರೀತಿ. ಬಿಳಿ ಬೆಣಚುಕಲ್ಲಿನ ಪುಡಿ ಇಲ್ಲವೇ ಮರಳು, ಅದಕ್ಕೆ ಸ್ವಲ್ಪ ಸುಣ್ಣ, ನೇಟ್ರಾನ್ ಅಥವಾ ಗಿಡದ ಬೂದಿ, ಬಣ್ಣಕ್ಕೆ ತಾಮ್ರ. ನೀರು ಹಾಕಿ ಕಲಸಿದರೆ ಅದು ಜೇಡಿಮಣ್ಣಿನ ಹಾಗೆ ಬಗ್ಗುವುದಿಲ್ಲ, ಮುರಿಮುರಿದು ಹೋಗುತ್ತದೆ. ಹಾಗಾಗಿ ಸುಟ್ಟ ಮಣ್ಣಿನ ಅಚ್ಚಿನೊಳಗೆ ಬೆರಳಿನಿಂದ ಒತ್ತಿ ತುಂಬಬೇಕು. ದಾರಕ್ಕೆ ತೂತು ಮಾಡಿ ಒಣಗಲು ಬಿಟ್ಟರೆ ಒಳಗಿನ ಉಪ್ಪು ನೀರಿನ ಜೊತೆ ಮೇಲಕ್ಕೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ. ಆಮೇಲೆ ಗೂಡಿನಲ್ಲಿ ಸುಟ್ಟಾಗ ಆ ಬಿಳಿ ಪುಡಿಯೇ ಕರಗಿ, ತಾಮ್ರದ ಜೊತೆ ಸೇರಿ, ಹೊಳೆಯುವ ನೀಲಿ-ಹಸಿರು ಗಾಜಿನ ಪೊರೆಯಾಗುತ್ತದೆ. ಒಳಗಿನಿಂದಲೇ ಹುಟ್ಟುವ ಹೊಳಪು! ಅಮಾರ್ನಾ ಅನ್ನೋ ಹಳೆಯ ನಗರದಲ್ಲಿ 1891-92ರಲ್ಲಿ ಅಗೆದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ ಇಂಥ ಪುಟ್ಟ ಮಣ್ಣಿನ ಅಚ್ಚುಗಳು ಸಾವಿರಾರು ಸಿಕ್ಕವು. ಅಸಲಿ ಟರ್ಕಾಯ್ಸ್ ಕೊಳ್ಳಲಾಗದವರ ತಾಯತ ಕಡಿಮೆ ಕೆಲಸ ಮಾಡುತ್ತದೆ ಅಂತ ಯಾವ ಮಂತ್ರದಲ್ಲೂ ನಾನು ಓದಿಲ್ಲ. ಬಣ್ಣ ಸರಿಯಾಗಿದ್ದರೆ ಅದರಲ್ಲಿ ಆ ಶಕ್ತಿಯೂ ಇದೆ ಅಂತ ನಂಬಿಕೆ.

ಈಗ ಹೃದಯದ ವಿಷಯಕ್ಕೆ ಬರುತ್ತೇನೆ. ಎಲ್ಲ ತಾಯತಗಳಲ್ಲೂ ನನ್ನನ್ನ ಹೆಚ್ಚು ಕಾಡುವುದು ಇದೇ.

ಸತ್ತವನು ಒಸೈರಿಸ್ ಮುಂದೆ ನಿಲ್ಲಬೇಕು. ಅಲ್ಲಿ ತಕ್ಕಡಿ ಇದೆ. ಒಂದು ತಟ್ಟೆಯಲ್ಲಿ ಸತ್ಯದ ದೇವತೆ ಮಾಅತ್‌ಳ ಗರಿ, ಇನ್ನೊಂದರಲ್ಲಿ ಅವನ ಹೃದಯ. ಥಾತ್ ಬರೆದುಕೊಳ್ಳುತ್ತಾನೆ. ಪಕ್ಕದಲ್ಲಿ ಅಮ್ಮಿತ್ ಕಾಯುತ್ತಿರುತ್ತಾಳೆ, ಮೊಸಳೆಯ ತಲೆ, ಸಿಂಹದ ಮುಂಗಾಲು, ನೀರುಕುದುರೆಯ ಹಿಂಭಾಗ. ಹೃದಯ ಸೋತರೆ ಅವಳು ನುಂಗುತ್ತಾಳೆ, ಅಲ್ಲಿಗೆ ಅವನ ಕತೆ ಶಾಶ್ವತವಾಗಿ ಮುಗಿಯಿತು. ಸತ್ತವನು 42 ದೇವತೆಗಳ ಎದುರು ಒಂದೊಂದಾಗಿ ಹೇಳುತ್ತಾ ಹೋಗಬೇಕು, ನಾನು ಕದ್ದಿಲ್ಲ, ಕೊಂದಿಲ್ಲ, ಸುಳ್ಳು ಹೇಳಿಲ್ಲ ಅಂತ. ಬಾಯಿ ಹೇಳುತ್ತದೆ, ಸರಿ. ಒಳಗಿರುವ ಹೃದಯ ಏನು ಹೇಳುತ್ತದೆ? ಈಜಿಪ್ಟಿನವರಿಗೆ ಬುದ್ಧಿ, ನೆನಪು, ಮನಸ್ಸು ಎಲ್ಲ ಇದ್ದದ್ದು ಹೃದಯದಲ್ಲಿ. ಅದು ಎಲ್ಲವನ್ನೂ ನೋಡಿದೆ.

ಅದಕ್ಕೇ ಹಸಿರು ಕಲ್ಲಿನ ದೊಡ್ಡ ಸಗಣಿ ಹುಳ. ಸಗಣಿಯ ಉಂಡೆ ಉರುಳಿಸುವ ಹುಳವನ್ನ ಅವರು ಸೂರ್ಯನನ್ನ ಉರುಳಿಸುವ ಖೆಪ್ರಿ ದೇವರಾಗಿ ಕಂಡರು, ಪ್ರತಿ ಬೆಳಿಗ್ಗೆ ಹೊಸದಾಗಿ ಹುಟ್ಟುವವನು. ಆ ಹುಳವನ್ನ ಎದೆಯ ಮೇಲೆ ಇಟ್ಟು, ಅದರ ಚಪ್ಪಟೆ ಹೊಟ್ಟೆಯ ಮೇಲೆ ಮಂತ್ರ ಕೆತ್ತಿಸುತ್ತಿದ್ದರು. ಸತ್ತವರ ಪುಸ್ತಕದ 30ನೇ ಮಂತ್ರದ ಎರಡನೇ ಪಾಠ ಅದು. ಅದರ ಸಾರ ಹೀಗಿದೆ: ನನ್ನ ತಾಯಿಯಿಂದ ಬಂದ ನನ್ನ ಹೃದಯವೇ, ನನ್ನ ತಾಯಿಯಿಂದ ಬಂದ ನನ್ನ ಹೃದಯವೇ, ನನ್ನ ಎಲ್ಲ ವಯಸ್ಸಿನಲ್ಲೂ ಜೊತೆಗಿದ್ದ ಹೃದಯವೇ, ನನ್ನ ವಿರುದ್ಧ ಸಾಕ್ಷಿಯಾಗಿ ಎದ್ದು ನಿಲ್ಲಬೇಡ, ತಕ್ಕಡಿ ಹಿಡಿದವನ ಎದುರಿಗೆ ನನಗೆ ತಿರುಗಿ ಬೀಳಬೇಡ.

ಇದು ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ತೂಗುವ ಮೊದಲೇ ಸಾಕ್ಷಿಯ ಬಾಯಿ ಮುಚ್ಚಿಸುವುದು ಅಂತ. ನನಗೆ ಹಾಗೆ ಅನಿಸುವುದಿಲ್ಲ. ನ್ಯಾಯಾಧೀಶನಿಗೆ ಕೊಡೋಕೆ ಅವರು ಇಟ್ಟದ್ದಲ್ಲ ಅದು, ತಕ್ಕಡಿಯ ತಟ್ಟೆ ವಾಲಿಸೋಕೂ ಅಲ್ಲ. ಅವರ ಬೇಡಿಕೆ ಇದ್ದದ್ದು ತಮ್ಮದೇ ಎದೆಯ ಮುಂದೆ. ದೇವರು ಕ್ಷಮಿಸಬಹುದು, ಲೋಕ ಮರೆಯಬಹುದು, ಆದರೆ ನಾನು ಏನು ಮಾಡಿದೆ ಅಂತ ನನಗೆ ಗೊತ್ತಿದೆಯಲ್ಲ ಅನ್ನೋ ಸಂಕಟ ಮನುಷ್ಯನಿಗೆ ಇದ್ದದ್ದೇ, ಅದನ್ನ ಇಷ್ಟು ನೇರವಾಗಿ, ಅದೂ ಕಲ್ಲಿನಲ್ಲಿ, ಒಪ್ಪಿಕೊಂಡ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ತಾಯಿಯ ಹೆಸರು ಹಿಡಿದು ಕರೆಯುವ ರೀತಿ ನೋಡಿ. ಮುನಿಸಿಕೊಂಡ ಮಗುವನ್ನ ರಮಿಸುವ ದನಿ ಅದು.

ಈ ಮಂತ್ರಕ್ಕೆ ಅವರೇ ಒಂದು ಹುಟ್ಟಿನ ಕತೆ ಕಟ್ಟಿದ್ದರು. ಗೀಜಾದ ಮೂರನೇ ಪಿರಮಿಡ್ ಕಟ್ಟಿಸಿದ ಮೆಂಕೌರೆ ರಾಜನ ಕಾಲದಲ್ಲಿ, ಹೆರ್ಮೊಪೊಲಿಸ್ ಅನ್ನೋ ಊರಿನ ದೇವರ ಪಾದದ ಕೆಳಗೆ ರಾಜಕುಮಾರ ಹೊರ್ಜೆದೆಫ್‌ಗೆ ಇದು ಸಿಕ್ಕಿತು ಅಂತ ಪಪೈರಸ್‌ಗಳಲ್ಲೇ ಬರೆದಿದೆ. ಆದರೆ ಕೈಗೆ ಸಿಕ್ಕ ಹುಳಗಳಲ್ಲಿ ತುಂಬಾ ಹಳೆಯದು ಅಂತ ಎಣಿಸುವ ಒಂದು ಮೆಂಕೌರೆಗಿಂತ ಸುಮಾರು ಒಂಬೈನೂರು ವರ್ಷ ಈಚಿನದು, 17ನೇ ರಾಜವಂಶದ ಸೊಬೆಕೆಮ್ಸಾಫ್ ಹೆಸರಿನ ರಾಜನದು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಸಿರು ಜಾಸ್ಪರ್‌ನ ಹುಳಕ್ಕೆ ಮನುಷ್ಯನ ಮುಖ. ಕೂತಿರುವುದು ಚಿನ್ನದ ಪೀಠದ ಮೇಲೆ, ಕಾಲುಗಳೂ ಚಿನ್ನದವು. ಪೀಠದ ಸುತ್ತ ಮತ್ತು ಅಡಿಯಲ್ಲಿ ಮಂತ್ರ. ಹತ್ತಿರದಿಂದ ನೋಡಿದರೆ ಆ ಚಿತ್ರಲಿಪಿಯ ಹಕ್ಕಿಗಳಿಗೆ ಕಾಲಿಲ್ಲ. ಮರೆತದ್ದಲ್ಲ. ಗೋರಿಯೊಳಗೆ ಬರೆದ ಹಕ್ಕಿಗೂ ಜೀವ ಬರಬಹುದು, ಎದ್ದು ಓಡಬಹುದು, ಸತ್ತವನಿಗೆ ತೊಂದರೆ ಕೊಡಬಹುದು ಅನ್ನೋ ಎಚ್ಚರಿಕೆ. ಆ ಕಾಲದಲ್ಲಿ ಹಾಗೆ ಬರೆಯುವ ರೂಢಿ ಇತ್ತು.

ಅದೇ ಹೆಸರಿನ ರಾಜನ ಗೋರಿಯನ್ನ ಕಳ್ಳರು ಒಡೆದ ಕತೆ ನಮಗೆ ಕಳ್ಳನ ಬಾಯಿಂದಲೇ ಗೊತ್ತು. ಒಂಬತ್ತನೇ ರಾಮ್ಸೆಸ್ ಆಳ್ವಿಕೆಯ 16ನೇ ವರ್ಷ, ಅಂದ್ರೆ ಕ್ರಿ.ಪೂ. 1110ರ ಆಸುಪಾಸು, ಅಮೆನ್‌ಪನೂಫೆರ್ ಅನ್ನೋ ಕಲ್ಲುಕುಟಿಗ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡ. ರಾಜ-ರಾಣಿಯರ ಪೆಟ್ಟಿಗೆ ತೆರೆದೆವು, ರಾಜನ ಪಕ್ಕ ಕತ್ತಿ ಇತ್ತು, ಕೊರಳಲ್ಲಿ ಚಿನ್ನದ ತಾಯತಗಳೂ ಒಡವೆಗಳೂ ರಾಶಿ ಇದ್ದವು, ಮುಖಕ್ಕೆ ಚಿನ್ನದ ಹೊದಿಕೆ ಇತ್ತು, ಎಲ್ಲ ಕಿತ್ತುಕೊಂಡು ಪೆಟ್ಟಿಗೆಗಳಿಗೆ ಬೆಂಕಿ ಇಟ್ಟೆವು ಅಂತ ಹೇಳಿದ. ಸಿಕ್ಕ ಚಿನ್ನ 160 ದೆಬೆನ್, ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಕಿಲೋಗೂ ಜಾಸ್ತಿ. ಎಂಟು ಜನ ಸಮನಾಗಿ ಹಂಚಿಕೊಂಡರು, ತಲೆಗೆ 20 ದೆಬೆನ್. ಮೊದಲು ಸಿಕ್ಕಿಬಿದ್ದಾಗ ತನ್ನ ಪಾಲನ್ನ ಬಂದರಿನ ಗುಮಾಸ್ತನ ಕೈಗೆ ಕೊಟ್ಟು ಹೊರಗೆ ಬಂದ, ಜೊತೆಗಾರರು ಅವನಿಗೆ ಮತ್ತೆ ಪಾಲು ತುಂಬಿಕೊಟ್ಟರು! ಈ ಹೇಳಿಕೆ ಇರುವ ಪಪೈರಸ್‌ನ ಒಂದರ್ಧ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಇನ್ನೊಂದರ್ಧವನ್ನ 1935ರಲ್ಲಿ ಜಾನ್ ಕಾಪಾರ್ ಅನ್ನೋ ವಿದ್ವಾಂಸ ಬ್ರಸೆಲ್ಸ್‌ನಲ್ಲಿ ಒಂದು ಮರದ ಬೊಂಬೆಯ ಹೊಟ್ಟೆಯಲ್ಲಿ ಕಂಡುಹಿಡಿದರು. ಸೊಬೆಕೆಮ್ಸಾಫ್ ಹೆಸರಿನ ರಾಜರು ಇಬ್ಬರಿದ್ದರು, ಲಂಡನ್ನಿನ ಹುಳ ಅವರಲ್ಲಿ ಯಾರದು ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಯಾರದೇ ಆಗಿರಲಿ, ಎದೆಯ ಮೇಲಿರಬೇಕಾದದ್ದು ಎದೆಯಿಂದ ದೂರ ಇದೆ.

ಕಳ್ಳರನ್ನ ಬೈಯುವುದು ಸುಲಭ. ಟುಟಂಖಾಮನ್ ವಿಷಯದಲ್ಲಿ ಏನಾಯಿತು ಅಂತ ಓದಿದಾಗ ನನಗೆ ನಿಜಕ್ಕೂ ನೋವಾಯಿತು. 1922ರ ನವೆಂಬರ್‌ನಲ್ಲಿ ಪುರಾತತ್ವಜ್ಞ ಹೋವರ್ಡ್ ಕಾರ್ಟರ್ ಕಂಡುಹಿಡಿದ ಆ ಗೋರಿಯಲ್ಲಿ ರಾಜನ ಮೈ ಮುಟ್ಟದೇ ಉಳಿದಿತ್ತು. 1925ರ ನವೆಂಬರ್ 11ರಂದು ಡಗ್ಲಸ್ ಡೆರಿ ಮತ್ತು ಸಾಲೆಹ್ ಬೇ ಹಮ್ದಿ ಅನ್ನೋ ವೈದ್ಯರು ಬಟ್ಟೆ ಬಿಚ್ಚಲು ಶುರು ಮಾಡಿದರು. ಪದರಗಳ ನಡುವೆ 143 ವಸ್ತುಗಳು ಸಿಕ್ಕವು. ಕಾರ್ಟರ್ ಪ್ರತಿಯೊಂದರ ಜಾಗ ಬರೆದಿಟ್ಟರು, ಹ್ಯಾರಿ ಬರ್ಟನ್ ಹಂತಹಂತವಾಗಿ ಫೋಟೋ ತೆಗೆದರು. ಆ ಶ್ರದ್ಧೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಹೂಳುವಾಗ ಮೈಮೇಲೆ ಸುರಿದಿದ್ದ ರಾಳದಂಥ ಲೇಪ ಕಲ್ಲಿನ ಹಾಗೆ ಗಟ್ಟಿಯಾಗಿ, ಮೈ ಪೆಟ್ಟಿಗೆಗೆ ಅಂಟಿತ್ತು, ತಲೆ ಚಿನ್ನದ ಮುಖವಾಡಕ್ಕೆ ಅಂಟಿತ್ತು. ಕಾಯಿಸಿದ ಚಾಕುಗಳಿಂದ ಬಿಡಿಸಬೇಕಾಯಿತು. ಕೈಕಾಲು ಬೇರೆಯಾದವು, ತಲೆಯೂ ಮುಂಡದಿಂದ ಬೇರೆಯಾಯಿತು.

ಮುಖವಾಡದ ಒಳಗೆ, ತಲೆಯ ಹಿಂಭಾಗದಲ್ಲಿ ಒಂದು ಪುಟ್ಟ ಕಬ್ಬಿಣದ ತಾಯತ ಇತ್ತು. ಈಜಿಪ್ಟಿನವರು ಮಲಗುವಾಗ ತಲೆಗೆ ಕೊಡುತ್ತಿದ್ದ ಮರದ ಆಸರೆ ಇದೆಯಲ್ಲ, ಬೆರಳಷ್ಟು ದೊಡ್ಡದಾದ ಅದರ ಪ್ರತಿರೂಪ. ಕಬ್ಬಿಣ ಅಲ್ಲಿ ಆಗ ಚಿನ್ನಕ್ಕಿಂತ ಅಪರೂಪ, ಆಕಾಶದಿಂದ ಬಿದ್ದ ಉಲ್ಕೆಯಲ್ಲಿ ಸಿಕ್ಕಿದಷ್ಟೇ. ಈ ತಾಯತದ ಮಂತ್ರ 166ನೆಯದು. ನಿನ್ನ ತಲೆಯನ್ನ ನಿನ್ನಿಂದ ಯಾರೂ ಕಸಿಯಲಾರರು ಅಂತ ಅದು ಮಾತು ಕೊಡುತ್ತದೆ. ಮೂರು ಸಾವಿರದ ಇನ್ನೂರು ವರ್ಷಕ್ಕೂ ಮೇಲೆ ಆ ಕಬ್ಬಿಣದ ತುಂಡು ತಾನಿರಬೇಕಾದ ಜಾಗದಲ್ಲೇ ಇತ್ತು, ತಲೆಯೂ ಇರಬೇಕಾದಲ್ಲೇ ಇತ್ತು. ಎರಡೂ ಜಾಗ ಬಿಟ್ಟದ್ದು ಕೆಲವೇ ವಾರಗಳಲ್ಲಿ. ಕಾರ್ಟರ್ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಅನ್ನೋ ವಾದ ನನಗೆ ಗೊತ್ತು. ಎಕ್ಸ್‌ರೇ ಆಗಲೇ ಇತ್ತು, ಆದರೆ ಈ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. ಕಾಯಬಹುದಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಇದೆ, ಅದನ್ನ ಹೇಳದೇ ಇರಲಾರೆ. ಒಂದನೇ ಅಮೆನ್‌ಹೊಟೆಪ್ 18ನೇ ರಾಜವಂಶದ ಎರಡನೇ ರಾಜ. ಅವನ ಮಮ್ಮಿ 1881ರಲ್ಲಿ ದೇರ್ ಎಲ್-ಬಹ್ರಿಯ ಗುಪ್ತ ಗೋರಿಯಲ್ಲಿ ಬೇರೆ ರಾಜರ ಮಮ್ಮಿಗಳ ಜೊತೆ ಸಿಕ್ಕಿತ್ತು. ಮೈ ತುಂಬಾ ಹೂಮಾಲೆ, ಬಣ್ಣದ ಮುಖವಾಡ, ಅಷ್ಟು ಚಂದ ಇದ್ದದ್ದರಿಂದ ಅದನ್ನ ಬಿಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಸಹರ್ ಸಲೀಮ್ ಮತ್ತು ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ಸೇರಿ ಅದರ ಸ್ಕ್ಯಾನ್ ಫಲಿತಾಂಶವನ್ನ 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ರಾಜ ಸಾಯುವಾಗ ಸುಮಾರು 35 ವರ್ಷದವನು. ಸತ್ತು ನಾಲ್ಕು ಶತಮಾನ ಕಳೆದ ಮೇಲೆ, 21ನೇ ರಾಜವಂಶದ ಕಾಲದ ಪುರೋಹಿತರು, ಕಳ್ಳರು ಹಾಳು ಮಾಡಿದ್ದ ಅವನ ಮೈಯನ್ನ ಮತ್ತೆ ಸುತ್ತಿದ್ದರು. ಇಂಥ ಪುರೋಹಿತರ ಮೇಲೆ ಒಂದು ಅನುಮಾನ ಇತ್ತು, ದುರಸ್ತಿಯ ನೆಪದಲ್ಲಿ ಹಳೆ ರಾಜರ ಒಡವೆ ತೆಗೆದು ಹೊಸ ರಾಜರಿಗೆ ಬಳಸುತ್ತಿದ್ದರು ಅಂತ. ಸ್ಕ್ಯಾನ್ ಮಾಡಿ ನೋಡಿದರೆ ಒಳಗೆ 30 ತಾಯತಗಳು, ಬೆನ್ನಿನ ಕೆಳಗೆ 34 ಚಿನ್ನದ ಮಣಿಗಳ ಡಾಬು. ಬೇರೆಯಾಗಿದ್ದ ತಲೆಯನ್ನ ರಾಳದಲ್ಲಿ ನೆನೆಸಿದ ಬಟ್ಟೆಪಟ್ಟಿಯಿಂದ ಕುತ್ತಿಗೆಗೆ ಸೇರಿಸಿ ಬಿಗಿದಿದ್ದರು.

ಅವರಿಗೆ ಆ ರಾಜ ಯಾರು? ಮುತ್ತಜ್ಜನ ಮುತ್ತಜ್ಜನಿಗಿಂತಲೂ ಹಿಂದಿನವನು. ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದೂ, ಚಿನ್ನ ಕೈಯಲ್ಲೇ ಇದ್ದೂ, ಅದನ್ನ ಅವನ ಮೈಮೇಲೆಯೇ ಬಿಟ್ಟು ಸುತ್ತು ಮುಗಿಸಿದರು. ಎಲ್ಲ ಪುರೋಹಿತರೂ ಹೀಗಿದ್ದರು ಅಂತ ನಾನು ಹೇಳುತ್ತಿಲ್ಲ, ಬೇರೆ ಮಮ್ಮಿಗಳಿಂದ ಚಿನ್ನ ಹೋಗಿರುವುದೂ ಸತ್ಯ. ಆದರೆ ಈ ಒಬ್ಬ ರಾಜನ ಮಟ್ಟಿಗೆ ಅವರು ನಿಯತ್ತಿನಿಂದ ನಡೆದುಕೊಂಡರು.

ಬಡವರ ಗೋರಿಗಳ ಬಗ್ಗೆ ಒಂದು ಮಾತು. ಅಮಾರ್ನಾ ನಗರದ ದಕ್ಷಿಣದ ಸ್ಮಶಾನವನ್ನ 2006ರಿಂದ 2013ರವರೆಗೆ ಅಗೆದರು. ಅಖೆನಾತೆನ್ ರಾಜನ ಹೊಸ ರಾಜಧಾನಿಯನ್ನ ಕಲ್ಲು ಹೊತ್ತು ಕಟ್ಟಿದ ಜನ ಅಲ್ಲಿ ಮಲಗಿದ್ದಾರೆ. ಬಹಳಷ್ಟು ಜನರನ್ನ ಬಟ್ಟೆಯಲ್ಲಿ ಸುತ್ತಿ, ಕಡ್ಡಿಗಳ ಚಾಪೆಯಲ್ಲಿ ಮಡಚಿ, ಮರಳಿನಲ್ಲಿ ಹೂತಿದ್ದಾರೆ. ಮೂಳೆಗಳಲ್ಲಿ ಹೊರೆ ಹೊತ್ತ ಗುರುತು, ಅರೆಹೊಟ್ಟೆಯ ಗುರುತು. ಹೆಚ್ಚಿನವರ ಜೊತೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅಲ್ಲೊಂದು ಇಲ್ಲೊಂದು ಗೋರಿಯಲ್ಲಿ ಕೆಲವು ಮಣಿ, ಒಂದು ಪುಟ್ಟ ತಾಯತ. ನಾವು ಈಜಿಪ್ಟ್ ಅಂದ ಕೂಡಲೇ ಚಿನ್ನ ನೆನೆಸಿಕೊಳ್ಳುತ್ತೇವೆ, ನಾನೂ ಈ ಬರಹದ ತುಂಬಾ ಅದನ್ನೇ ಮಾಡಿದ್ದೇನೆ, ಆದರೆ ಆ ದೇಶದ ಎಷ್ಟೋ ಸಾವುಗಳು ಹೀಗೇ ಆಗಿದ್ದವು.

ಇನ್ನು ಬಿಡಿ ತಾಯತಗಳು. 1830ರ ದಶಕದಲ್ಲಿ ಲಂಡನ್ನಿನ ಥಾಮಸ್ ಪೆಟಿಗ್ರೂ ಅನ್ನೋ ಶಸ್ತ್ರವೈದ್ಯ ಜನರ ಮುಂದೆ ಮಮ್ಮಿ ಬಿಚ್ಚಿ ತೋರಿಸುತ್ತಿದ್ದ, ಅದಕ್ಕೆ ಟಿಕೆಟ್ ಇರುತ್ತಿತ್ತು. ಅಂಥ ಕಡೆ ಹೊರಬಂದ ತಾಯತಗಳು, ಕಳ್ಳರು ಅಗೆದು ಮಾರಿದವು, ಪ್ರವಾಸಿಗಳು ಕೊಂಡು ಒಯ್ದವು, ಎಲ್ಲ ಸೇರಿ ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಇದರ ನಡುವೆ ಪೆಟ್ರಿಯಂಥವರು ಅಪರೂಪ. ಹವಾರಾದಲ್ಲಿ ನೀರು ತುಂಬಿದ ಗೋರಿಯೊಳಗೆ ನಿಂತು ಹೊರೂಜಾ ಅನ್ನೋ ಪುರೋಹಿತನ ಪೆಟ್ಟಿಗೆಯನ್ನ ಹೊರತೆಗೆದು, ಮೈಮೇಲಿದ್ದ ತಾಯತಗಳನ್ನ ಸಾಲುಸಾಲಾಗಿ ಇದ್ದ ಹಾಗೆಯೇ ದಾಖಲಿಸಿದವರು ಅವರು. 1914ರಲ್ಲಿ ತಾಯತಗಳ ಮೇಲೆ ಬರೆದ ಪುಸ್ತಕದಲ್ಲಿ, ಬೇರೆ ಬೇರೆ ಮಮ್ಮಿಗಳ ಮೇಲೆ ಯಾವುದು ಎಲ್ಲಿತ್ತು ಅನ್ನೋ ನಕ್ಷೆಗಳನ್ನೂ ಕೊಟ್ಟರು. ಅವರಿಂದಾಗಿ, ಮತ್ತು ಮಂತ್ರಗಳ ಕೆಳಗಿನ ಸೂಚನೆಗಳಿಂದಾಗಿ, ಒಂದು ಬಿಡಿ ತಾಯತ ನೋಡಿದರೂ ಇದು ಸಾಮಾನ್ಯವಾಗಿ ದೇಹದ ಎಲ್ಲಿ ಇರುತ್ತಿತ್ತು ಅಂತ ಹೇಳಬಹುದು.

ಹಾಗಿದ್ದೂ ಗಾಜಿನ ಪೆಟ್ಟಿಗೆಗಳಲ್ಲಿ ನಾವು ಓದುವುದು ಏನು? ಫೈಯಾನ್ಸ್, ಇಷ್ಟು ಸೆಂಟಿಮೀಟರ್, ಇಂಥ ಕಾಲ, ಇಂಥವರ ಕೊಡುಗೆ. ಜಾಗದ ಸುದ್ದಿಯೇ ಇಲ್ಲ. ಮಮ್ಮಿ ನೋಡೋಕೆ ನಮ್ಮವರು ಈಜಿಪ್ಟಿಗೇ ಹೋಗಬೇಕಿಲ್ಲ, ಹೈದರಾಬಾದ್, ಜೈಪುರ, ಕೋಲ್ಕತ್ತದ ಮ್ಯೂಸಿಯಂಗಳಲ್ಲೂ ಇವೆ, ಮಕ್ಕಳನ್ನ ಕರೆದುಕೊಂಡು ಸಾಲುಗಟ್ಟಿ ಹೋಗುತ್ತಾರೆ. ತಾಯತ ಇಟ್ಟಿರುವ ಕಡೆಯೆಲ್ಲ ಗಾಜಿನ ಪಕ್ಕದಲ್ಲಿ ಮನುಷ್ಯನ ಆಕಾರದ ಒಂದು ಸರಳ ರೇಖಾಚಿತ್ರ ಬರೆದು, ಈ ಕಣ್ಣು ಪಕ್ಕೆಯ ಸೀಳಿನ ಮೇಲೆ, ಈ ಹುಳ ಎದೆಯ ಮೇಲೆ, ಈ ಆಸರೆ ತಲೆಯ ಕೆಳಗೆ ಅಂತ ಗುರುತು ಹಾಕಿಟ್ಟರೆ ಏಳೆಂಟು ವರ್ಷದ ಮಗುವಿಗೂ ಅರ್ಥ ಆಗುತ್ತದೆ. ಅದಕ್ಕೆ ಸ್ಕ್ಯಾನರ್ ಬೇಡ, ದೊಡ್ಡ ದುಡ್ಡೂ ಬೇಡ. ಒಂದು ಹಾಳೆ ಸಾಕು, ಅದನ್ನ ಇವತ್ತೇ ಮಾಡಬಹುದು.